ಲೈನ್ ಕ್ಲಿಯರ್

ಅಪ್ಪ ಭಾಣಾಪುರ ಸ್ಟೇಷನ್ನಿನಾಗ ಪಾಯಿಂಟ್ಸ್‌ಮನ್.
ನನಗ ಮೊದಲು ಬಂದ ಇಂಗ್ಲಿಷು
ಎ ಬಿ ಸಿ ಡಿ ಅಲ್ಲ, ಲೈನ್ ಕ್ಲಿಯರ್.
ಬ್ಲಾಕಿನ ಗಂಟಿ ಟಣ್ ಅಂದ್ರ
ಅಪ್ಪನ ಕೈಯಾಗಿನ ರೊಟ್ಟಿ ಗಂಗಾಳಕ್ಕ ವಾಪಸ್.
"ಹಳಿ ಬಿಡ್ರೆಲೇ, ಲೈನ್ ಕ್ಲಿಯರ್ ಆತು."
ಅಂದ್ರ, ಬರಾಕ ಹತ್ತೈತಿ.
ಅಂದ್ರ, ಹಳಿ ಮ್ಯಾಲೆ ಇಟ್ಟ ಹತ್ತು ಪೈಸೆ ತಗೀ,
ಆಡು ಹೊಡಕೊ, ತಮ್ಮನ್ನ ಎತ್ತಿಕೊ.
ಖಾಲಿ ಐತಿ ಅನ್ನೂದು ನಮ್ಮ ಮನಿಯಾಗ
ಬರತೈತಿ ಅನ್ನೂದರ ಇನ್ನೊಂದು ಹೆಸರು.

ಪಾರವ್ವಕ್ಕನ ಲಗ್ನ ಆದ ಮರುದಿನ
ಕಾಕಾ ಎಲಿ ಅಡಕಿ ಜಗಕೋತ ನನ್ನ ಕಡೆ ತಿರುಗಿ
"ಹುಲಿಗೆವ್ವಂದು ಇನ್ನ ಲೈನ್ ಕ್ಲಿಯರ್" ಅಂದ.
ಎಲ್ಲಾರೂ ನಕ್ಕರು.
ನಾನು ಬಾಗಲ ಕಡೆ ನೋಡಿದೆ,
ಯಾವ ಗಾಡಿ, ಯಾ ಕಡಿಂದ ಅಂತ.
ಬಂತು. ಎರಡು ವರ್ಷ ನಿಂತು ಹೋತು.
ಆ ಮಾತು ಇಲ್ಲಿ ಬ್ಯಾಡ.

ಅದಿರಿನ ಲಾರಿಯವರು ಚಾದಂಗಡಿ ಮುಂದ
ಫೋನಿನಾಗ ಕೇಳ್ತಾರ, ಲೈನ್ ಕ್ಲಿಯರ್ ಐತೇನು?
ಅವರಿಗೆ ಅದು ಖಾಕಿ ಜೀಪಿನ ಸುದ್ದಿ.
ಕೊಪ್ಪಳದ ದವಾಖಾನಿಯಾಗ ನರ್ಸವ್ವ
ಅಪ್ಪನ ಮುಂಗೈಗೆ ಸೂಜಿ ಚುಚ್ಚಿ
"ಲೈನ್ ಕ್ಲಿಯರ್ ಐತಿ, ಸಲಾಯಿನ್ ಇಳೀತೈತಿ" ಅಂದ್ಲು.
ಜ್ವರದ ಕಣ್ಣು ತಗೀದನ ಅಪ್ಪ
ಎರಡೂ ಕಾಲು ಗಪ್ಪನ ಒಳಗ ಜಗ್ಗಿಕೊಂಡ.

ಈಗ ನಾನು ಗಿಣಿಗೇರಿ ಕಡೆ ಸಬ್‌ಸ್ಟೇಷನ್ನಿನ ಪಾಳಿ ಆಪರೇಟರ್.
ಇಲ್ಲಿ ಅದೇ ಮಾತು ತಲಿಕೆಳಗ ನಿಂತೈತಿ.
ಮರ್ದಾನಸಾಬ ಕಂಬದ ಬುಡದಿಂದ ಹಚ್ಚತಾನ:
"ಯಕ್ಕಾ, ಬಗನಾಳ ಫೀಡರ್, ಲೈನ್ ಕ್ಲಿಯರ್ ಕೊಡ್ರಿ."
ಬ್ರೇಕರ್ ಇಳಸತೀನಿ, ಐಸೊಲೇಟರ್ ತಗೀತೀನಿ,
ಹ್ಯಾಂಡಲಿಗೆ ಕೆಂಪು ಹಲಗಿ,
ರಿಜಿಸ್ಟರಿನಾಗ ಹೊತ್ತು, ಹೆಸರು, ನಂಬರ್.
ಕ್ಲಿಯರ್ ಅಂದ್ರ ಇಲ್ಲಿ, ಬರೂದಿಲ್ಲ.
ನಾ ಬಿಡೂತನಕ ಏನೂ ಬರೂದಿಲ್ಲ.
ಆ ಎರಡು ಶಬ್ದದ ಮ್ಯಾಲೆ ಕಾಲಿಟ್ಟು
ಅವ ಹತ್ತತಾನ.

ಮೊನ್ನೆ ಗಾಳಿ ಬಿಟ್ಟ ಸಂಜಿ ಜಂಪರ್ ಹರದಿತ್ತು.
ಊರಿಗೂರ ಫೋನು:
ನಳಾ ಬಂದಿಲ್ಲ, ಗಿರಣಿ ನಿಂತೈತಿ,
ನಾಳೆ ಹುಡುಗನ ಪರೀಕ್ಷಾ ಐತಿ, ನಿಮಗ ಮಕ್ಕಳಿಲ್ಲೇನು?
ಏಳೂ ಹತ್ತಕ್ಕ ಮರ್ದಾನಸಾಬನ ನಂಬರ್.
ದನಿ ಅವಂದಲ್ಲ.
"ಲೈನ್ ಕ್ಲಿಯರ್! ಲೈನ್ ಕ್ಲಿಯರ್!"
ಹಿಂದ ಟ್ರ್ಯಾಕ್ಟರ್ ಸದ್ದು. ಕಟ್.

ಕೈ ಹ್ಯಾಂಡಲಿನ ಮ್ಯಾಲಿತ್ತು.
ಯಾವುದಿದು?
ಮುಗದೈತಿ, ಬಿಡು ಅಂತೋ,
ಬಿಡಬ್ಯಾಡ, ಇನ್ನೂ ಮ್ಯಾಲ ಅದಾನ ಅಂತೋ?
ಅಪ್ಪನ ಹಳಿದೋ, ನನ್ನ ಕಂಬದ್ದೋ?

ಹನ್ನೊಂದು ಸಲ ಹಚ್ಚಿದೆ. ಎತ್ತಲಿಲ್ಲ.
ಕೈ ತಗದು ತೊಡಿ ಕೆಳಗ ಇಟ್ಟುಕೊಂಡು ಕುಂತೆ,
ಅದು ನನ್ನ ಮಾತು ಕೇಳಲಿಕ್ಕಿಲ್ಲ ಅನಿಸಿ.
ಕತ್ತಲ್ಯಾಗ ನಾಕು ಊರು ನನ್ನ ಬೈಕೋತ ಇದ್ವು.

ಏಳೂ ನಲವತ್ತಕ್ಕ ಅವನ ದನಿ,
ಹಲ್ಲಿನಾಗ ವಾಯರ್ ಕಚ್ಚಿಕೊಂಡಂಗ:
"ಯಕ್ಕಾ, ಈಗ ಇಳದೆ."
"ಹಂಗ ಹೇಳು. ಯಾರ ಯಾರು ಇಳದ್ರಿ, ಹೆಸರು ಹಿಡದು ಹೇಳು."
"ನಾನು. ನಮ್ಮ ಹೆಲ್ಪರ್ ದುರ್ಗೇಶ. ಏಣಿ."
ಏಣಿನೂ ಬರಕೊಂಡೆ.

ಆ ಮೊದಲಿನ ದನಿ ದುರ್ಗೇಶಂದಂತ.
ದಾರಿಗೆ ಅಡ್ಡ ಬಿದ್ದಿದ್ದ ಏಣಿ ಸರಿಸಿ
ಟ್ರ್ಯಾಕ್ಟರಿನವಗ ಹೋಗಪಾ ಅಂದಿದ್ನಂತ.
ಸಾಹೇಬನ ಫೋನು ಇವನ ಕಿಸೆದಾಗಿತ್ತಂತ,
ತಾನ ಹತ್ತಿತ್ತಂತ, ಸದ್ದು ಕೇಳಲಿಲ್ಲಂತ.
ಹೇಳಕೋತ ನಕ್ಕ ಮರ್ದಾನಸಾಬ.
ನನ್ನ ನಗಿ ಇನ್ನೂ ಬಂದಿಲ್ಲ.

ಪಾಳಿ ಮುಗಿಸಿ ಮನಿಗೆ ಹೊಂಟೆ.
ರೈಲ್ವೆ ಗೇಟು ಹಾಕಿತ್ತು.
ಆ ಕಡೆ ಈ ಕಡೆ ನೋಡಿದೆ,
ಹಳಿ ಖಾಲಿ, ಎಷ್ಟು ದೂರಕ್ಕೂ ಖಾಲಿ.
ಒಬ್ಬ ಬೈಕ್ ಬಗ್ಗಿಸಿ ಕೆಳಗ ತೂರಿ ಹೋದ.
ನಾನು ಸ್ಕೂಟಿ ಆಫ್ ಮಾಡಿ
ಸುಮ್ಮನ ನಿಂತೆ.