ದೀರ್ಘ

ಬ್ಲಫ್ ಊರಿನ ತುದಿಗೆ ರಸ್ತೆಯೇ ಮುಗಿಯುತ್ತದೆ.
ಅಲ್ಲಿಂದಾಚೆ ನೀರು, ಒಂದು ದ್ವೀಪ, ಮತ್ತೆ ಬರೀ ಗಾಳಿ.
ಗಾಳಿಗೆ ಬೆನ್ನು ಕೊಟ್ಟು ನಿಂತ ಲೈಬ್ರರಿಯಲ್ಲಿ
ಮೂರು ವರ್ಷಕ್ಕೊಮ್ಮೆ ನಾನು
ಇನ್ನೂ ಗ್ರಂಥಪಾಲಕಿಯೇ ಹೌದೆಂದು
ವೆಲಿಂಗ್ಟನ್ನಿಗೆ ಲೆಕ್ಕ ಒಪ್ಪಿಸಬೇಕು.

ಇಪ್ಪತ್ತಾರು ವರ್ಷ ಇದೇ ಮೇಜು.
ಆದರೂ ನಮೂನೆ ಕೇಳುತ್ತದೆ, ಹೊಸ ಸೊಸೆಯನ್ನು ಕೇಳಿದ ಹಾಗೆ:
ಏನು ಕಲಿತೆ? ಎಷ್ಟು ಗಂಟೆ?
ಕಲಿತದ್ದು ಕೆಲಸದಲ್ಲಿ ಎಲ್ಲಿ ಕಾಣುತ್ತದೆ?

ಬರೆದೆ.
ಮಾಹಿತಿ ಸುರಕ್ಷತೆ, ಆನ್‌ಲೈನ್, ಒಂದೂವರೆ ಗಂಟೆ.
(ಅದರಲ್ಲಿ ಅರ್ಧ ಗಂಟೆ ಹೀಟರ್ ರಿಪೇರಿಯವನ ಜೊತೆ ಕಳೆಯಿತು.
ಅದನ್ನು ಬರೆಯಲಿಲ್ಲ.)
ಒದ್ದೆ ಪುಸ್ತಕ ಒಣಗಿಸುವ ಕಮ್ಮಟ, ಇನ್ವರ್‌ಕಾರ್ಗಿಲ್, ಒಂದು ದಿನ, ಊಟ ಅವರದೇ.
ಮಾವೋರಿ ಹೆಸರುಗಳಿಗೆ ದೀರ್ಘದ ಗೆರೆ ಹಾಕುವ ತರಬೇತಿ, ಎರಡು ದಿನ.

ಈ ಕೊನೆಯದು ಮಾತ್ರ ಒಳಗಿಳಿಯಿತು.
ವಹಿನೆ ಎಂದರೆ ಹೆಂಗಸು.
ಅಕ್ಷರದ ನೆತ್ತಿಗೆ ಒಂದು ಅಡ್ಡಗೆರೆ ಎಳೆದರೆ ವಾಹಿನೆ,
ಹೆಂಗಸರು.
ಒಂದೇ ಗೆರೆಗೆ ಮನೆ ತುಂಬುತ್ತದೆ.
ನಮ್ಮ ಹಳೆಯ ಕಂಪ್ಯೂಟರಿಗೆ ಆ ಗೆರೆ ತಿಳಿಯದು,
ಗೆರೆ ಇದ್ದಲ್ಲೆಲ್ಲ ಪ್ರಶ್ನೆಚಿಹ್ನೆ ಉಗುಳುತ್ತಿತ್ತು.
ನನ್ನ ಅಜ್ಜಿಯ ಹೆಸರಿನಲ್ಲೇ ಎರಡು ಪ್ರಶ್ನೆ.
ನಾಲ್ಕು ಸಾವಿರದ ಚಿಲ್ಲರೆ ದಾಖಲೆ ತಿದ್ದಿದೆ,
ಒಂದು ಚಳಿಗಾಲವಿಡೀ,
ಉಗುರಿನಲ್ಲಿ ಹೇನು ಹೆಕ್ಕಿದಂತೆ.

ವೆಲಿಂಗ್ಟನ್ನಿನಿಂದ ಮರುಓಲೆ:
ಪ್ರಿಯ ಹಿನೆಪರೆ, ಗಂಟೆಗಳು ಸರಿಯಿವೆ. ಆತ್ಮಾವಲೋಕನ ಸಾಲದು.
ಒಬ್ಬ ಓದುಗರ ಉದಾಹರಣೆ ಕೊಡಿ,
ಮೂವತ್ತನೇ ತಾರೀಖಿನೊಳಗೆ.

ಒಬ್ಬ ಓದುಗ ಇದ್ದಾನೆ.
ಹೆಸರು ಇಲ್ಲಿಯೂ ಹೇಳುವುದಿಲ್ಲ.
ಎಪ್ಪತ್ತರ ಹತ್ತಿರ. ಸಿಂಪಿ ಬಿಡಿಸಿ ಬಿಡಿಸಿ
ಎಡಗೈ ತುಂಬ ಚೂರಿಯ ಗೀರು.
ಹನ್ನೊಂದು ವರ್ಷ ದಪ್ಪಕ್ಷರದ ಕಾದಂಬರಿ ಒಯ್ದ,
ವಾರಕ್ಕೆರಡು, ಹೆಂಡತಿಗೆ.
ಅವಳು ತೀರಿಕೊಂಡ ಮೇಲೂ ಒಯ್ದ.
ಇಲಾಖೆಯ ಕಾಗದ ಬಂದಾಗಲೆಲ್ಲ
'ಕನ್ನಡಕ ಮರೆತೆ, ನೀನೇ ಓದಿಬಿಡು' ಎನ್ನುತ್ತಿದ್ದ,
ಕನ್ನಡಕ ಜೇಬಿನಿಂದ ಇಣುಕುತ್ತಿತ್ತು.
ನನಗೆ ತಿಳಿಯಲು ಹನ್ನೊಂದು ವರ್ಷ ಬೇಕಾಯಿತು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಈಗ ಗುರುವಾರ, ಬಾಗಿಲು ಹಾಕಿದ ಮೇಲೆ,
ಹಿಂದಿನ ಮೇಜು, ಎರಡು ಕಪ್ ಚಹಾ.
ಮೊದಲ ದಿನ ಪುಸ್ತಕ ಮುಟ್ಟಲೊಲ್ಲ.
ನನ್ನ ಕೋಟಿನ ಮೇಲಿನ ಹೆಸರುಬಿಲ್ಲೆ ತೋರಿಸಿ
'ಇದರಿಂದ ಶುರುಮಾಡು, ದಿನಾ ನೋಡುವುದು ಇದನ್ನೇ' ಎಂದ.
ರಾಪನ.
ಮೇಲಿನ ಗೆರೆ ಯಾಕೆ ಅಂದ.
ರ ಅಲ್ಲ, ರಾ. ಅಲ್ಲಿ ಉಸಿರು ತುಸು ಹೊತ್ತು ನಿಲ್ಲಬೇಕು.
'ದೊಡ್ಡ ಅಲೆ ದಾಟಿಹೋಗಲೆಂದು ದೋಣಿ ತಡೆಯುವ ಹಾಗೋ?'
ಹೌದು ಎಂದೆ.
ಅಲ್ಲಿಯವರೆಗೆ ನನಗೂ ಹಾಗೆ ಹೊಳೆದಿರಲಿಲ್ಲ.

ಮೂವತ್ತರ ರಾತ್ರಿ ಹನ್ನೊಂದೂ ಮುಕ್ಕಾಲು.
ಉದಾಹರಣೆಯ ಚೌಕದಲ್ಲಿ ಬರೆದೆ:
ಓದುಗರ ಗುಟ್ಟು ಕಾಯುವುದೂ ಈ ವೃತ್ತಿಯ ನಿಯಮ.
ಆದ್ದರಿಂದ ಕಲಿತವಳ ಹೆಸರು ಮಾತ್ರ ಕೊಡುತ್ತೇನೆ, ಅದು ನನ್ನದು.
ಗಂಟೆ: ಲೆಕ್ಕವಿಟ್ಟಿಲ್ಲ.

ಆರು ವಾರಕ್ಕೆ ಪ್ರಮಾಣಪತ್ರ ಬಂತು.
(ನೋಂದಣಿ ಶುಲ್ಕ ಈ ಸಲವೂ ನನ್ನ ಕೈಯಿಂದಲೇ.)
ಝೆರಾಕ್ಸ್ ಯಂತ್ರದ ಮೇಲೆ ಮೊಳೆ ಹೊಡೆಯುತ್ತಿದ್ದೆ.
ಅವನು ಬಂದು ಹಿಂದೆ ನಿಂತ, ಕನ್ನಡಕ ಹಾಕಿಕೊಂಡು.
ತುಟಿ ಅಲುಗಿತು. ಬೆರಳು ಕಾಗದದ ಮೇಲೆ ನಿಧಾನ ಸರಿಯಿತು,
ಚಿಪ್ಪಿನ ಸಂದು ಹುಡುಕುವ ಹಾಗೆ.
ರ. ಪ. ನ.
ಹಿಂದಕ್ಕೆ ಹೋಗಿ ಮತ್ತೊಮ್ಮೆ, ರ.

'ಒಂದು ಗೆರೆ ಬಿಟ್ಟಿದ್ದಾರೆ' ಅಂದ.
'ಪೆನ್ನು ಕೊಡು.'