ಕಾಲು ಸುತ್ತು

ಜಕ್ರಿಯಾ ಸಾಬರು ಬಾನೆಟ್ ಮುಟ್ಟುವುದಿಲ್ಲ ಮೊದಲು.
ಜೇಬಿನಿಂದ ಬಿಳಿ ಕರ್ಚೀಫು ತೆಗೆದು
ಸೈಲೆನ್ಸರಿನ ಬಾಯಿಗೆ ಅಡ್ಡ ಹಿಡಿದು
‘ಒತ್ತು’ ಅನ್ನುತ್ತಾರೆ.
ಒತ್ತುತ್ತೇನೆ.
ಕಲಾಸಿಪಾಳ್ಯದ ಆ ಗಲ್ಲಿಯಲ್ಲಿ ಬೆಳಗಿನ ಏಳೂವರೆಗೆ
ಮತ್ತೊಮ್ಮೆ ರಾತ್ರಿ.
ಎದುರಿನ ಟೀ ಅಂಗಡಿಯವನು ಬನ್ನಿನ ಗಾಜು ಮುಚ್ಚುತ್ತಾನೆ,
ನನ್ನ ವಂಶವನ್ನು ನೆನೆಯುತ್ತಾನೆ.

‘ನೀಲಿ ಬಂದರೆ ಆಯಿಲ್ ಕುಡೀತಿದೆ.
ಬಿಳಿ ಬಂದರೆ ನೀರು, ಇಲ್ಲಾ ಬೇಯದ ಡೀಸೆಲ್ಲು.
ಕಪ್ಪು ಅಂದ್ರೆ ಇಷ್ಟೇ ಕಣಪ್ಪ,
ತಿಂದದ್ದು ಜಾಸ್ತಿ, ಉಸಿರು ಕಮ್ಮಿ.
ಮದುವೆ ಊಟ ಆದಮೇಲೆ ನಾವು ಕೂತಿರ್ತೀವಲ್ಲ, ಹಾಗೆ.’

ಶಾಮಿಯಾನ ಹೊರುವ ಗಾಡಿ ನಂದು,
ಫೋರ್ ನಾಟ್ ಸೆವೆನ್, ನನ್ನ ತಂಗಿಯ ವಯಸ್ಸು.
ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದರೆ
ಅಗೆದ ಮೆಟ್ರೋ ದಾರಿಯೆಲ್ಲ ಉದುರಿತು ಕಾಲಬುಡಕ್ಕೆ.
ಆಮೇಲೆ ಇಲಿಯ ಗೂಡು,
ಗೂಡಿನೊಳಗೆ ಅರಿಶಿನ ಮೆತ್ತಿದ ನಾಲ್ಕು ಅಕ್ಷತೆ ಕಾಳು.
ಯಾವ ಛತ್ರದ್ದೋ, ಯಾರ ಮುಹೂರ್ತದ್ದೋ.
ಕಾಳು ಒರೆಸಿ ಡ್ಯಾಶ್‌ಬೋರ್ಡ್ ಮೇಲಿಟ್ಟೆ.

ಫಿಲ್ಟರ್ ಇಲ್ಲದೆಯೇ ಸ್ಟಾರ್ಟ್ ಮಾಡಿಸಿದರು.
ಹೊಗೆ ತಗ್ಗಿತು.
ಹೋಗಲಿಲ್ಲ.

ಹದಿನೇಳರ ಸ್ಪ್ಯಾನರ್ ಹಿಡಿದು
ಒಂದೊಂದೇ ಪೈಪಿನ ನಟ್ಟು ಸಡಿಲಿಸುತ್ತಾ ಕಿವಿಗೊಟ್ಟರು.
ಒಂದನೆಯದಕ್ಕೆ ಎಂಜಿನ್ ಕುಂಟಿತು.
ಎರಡನೆಯದಕ್ಕೆ ನಡುಗಿತು.
ಮೂರನೆಯದಕ್ಕೆ, ಏನೂ ಇಲ್ಲ!
ದುಡಿಯದವನು ಮನೆಯಿಂದ ಎದ್ದು ಹೋದರೆ
ಹಿಟ್ಟಿನ ಡಬ್ಬಕ್ಕೆ ಗೊತ್ತಾಗುತ್ತದೆ, ಅಷ್ಟೆ.
‘ಇವನೇ’ ಅಂದರು.
ಬಿಚ್ಚಿ ಪರೀಕ್ಷೆಗಿಟ್ಟರೆ
ಮಂಜಾಗಿ ಚಿಮ್ಮಬೇಕಾದ ನಾಜಲ್ಲು
ಹಲ್ಲು ಬರುವ ಕೂಸಿನಂತೆ ಜೊಲ್ಲು ಸುರಿಸುತ್ತಿತ್ತು.

ಹೊಸ ನಾಜಲ್ಲು ಕೂತಿತು. ಹೊಸ ಫಿಲ್ಟರ್ ಕೂತಿತು.
ಐಡಲಿಂಗಿನಲ್ಲಿ ಗಾಡಿ ಸಾಧು.
ಒತ್ತಿದೆ.
ಮತ್ತೆ ಕಪ್ಪು.

ಆಗ ಅವರು ಪಂಪಿನ ಕಡೆ ತಿರುಗಿದರು.
ಇಲ್ಲೇ ಆಡುಗೋಡಿಯಲ್ಲಿ ಹುಟ್ಟಿದ ಹಳೇ ಮೈಕೋ ಪಂಪು.
ಸೀಸದ ಮುದ್ರೆ ಇರಬೇಕಾದ ಜಾಗಕ್ಕೆ ಬೆರಳಿಟ್ಟು ಸವರಿದರು.
ತಂತಿ ಇರಲಿಲ್ಲ.
ಮಸಿ ಹಿಡಿದ ಲಾಕ್‌ನಟ್ಟಿನ ಒಂದು ಮೂಲೆ ಮಾತ್ರ
ಹೊಸ ಕಾಸಿನಂತೆ ಹೊಳೆಯುತ್ತಿತ್ತು.
ನನ್ನನ್ನು ನೋಡಿದರು.
ಕೇಳಲಿಲ್ಲ.

ಶ್ರಾವಣದ ಮೊದಲ ಭಾನುವಾರ, ಎರಡು ಮದುವೆ, ಒಂದೇ ಟ್ರಿಪ್ಪು.
ಕಂಬ, ಜಮಖಾನ, ಇನ್ನೂರು ಕುರ್ಚಿ, ಸಾರಿನ ಕೊಳಗ.
ಗೊರಗುಂಟೆಪಾಳ್ಯದ ಏರಿನಲ್ಲಿ ಗಾಡಿ ಮುನಿಸಿಕೊಂಡಿತು.
ಪುಟ್ಟಗೌರಮ್ಮನ ಫೋನು:
‘ಎಲ್ಲಿದ್ದೀಯೋ, ಪುರೋಹಿತರು ಬಂದು ನೆಲದ ಮೇಲೆ ಕೂತವ್ರೆ!’
ಮೊಬೈಲಿನ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ತಂತಿ ಕಿತ್ತು, ಸ್ಕ್ರೂ ತಿರುಗಿಸಿದೆ, ಕಾಲು ಸುತ್ತು.
ಎಳೆಯಿತು!
ಮುಂದಿನ ವಾರ ಇನ್ನೊಂದು ಕಾಲು.
ಆನೆ ಬಲ ಅಂದುಕೊಂಡೆ. ಅದು ಅಜೀರ್ಣ.

ಡೈರಿ ಸರ್ಕಲ್ ಸಿಗ್ನಲ್ಲಿನಲ್ಲಿ ಮೊನ್ನೆ
ನನ್ನ ಹಿಂದೆ ಸ್ಕೂಟರಿನ ಮೇಲೆ ಒಬ್ಬ ನರ್ಸು,
ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ.
ಹಸಿರು ಬಿತ್ತು, ಒತ್ತಿದೆ,
ಕನ್ನಡಿಯಲ್ಲಿ ಅವಳು ಬೈಯಲಿಲ್ಲ.
ಕಣ್ಣು ಮುಚ್ಚಿ ಉಸಿರು ಕಟ್ಟಿದಳು.
ಆಮೇಲೆ ಕನ್ನಡಿಯಲ್ಲಿ ಅವಳೇ ಇರಲಿಲ್ಲ.
ಇಲ್ಲಿಗೆ ಬಂದದ್ದು ದಂಡದ ಚೀಟಿಗಲ್ಲ.
ಇದನ್ನು ಸಾಬರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅವರು ಹಿಂದಕ್ಕೆ ತಿರುಗಿಸಿದರು, ಕಾಲು ಸುತ್ತು.
ಕೇಳಿದರು, ನನ್ನನ್ನಲ್ಲ, ಎಂಜಿನ್ನನ್ನು.
ಇನ್ನೊಂದು ಕಾಲು.
ಹೊಸ ತಂತಿ ಪೋಣಿಸಿ ಸೀಸ ಒತ್ತಿದರು.
‘ಪಿಕಪ್ ಕಮ್ಮಿ ಆಗುತ್ತೆ. ಎರಡು ಟ್ರಿಪ್ ಹೊಡಿ.’
ಕರ್ಚೀಫಿನ ಇನ್ನೊಂದು ಮಗ್ಗುಲು ಹಿಡಿದರು:
ವಿಭೂತಿಯಷ್ಟು ಬೂದು.
ಮಡಚಿ ಜೇಬಿಗೆ ಇಟ್ಟುಕೊಂಡರು.
ಬಿಲ್ಲಿನಲ್ಲಿ ಫಿಲ್ಟರ್ ಇತ್ತು, ನಾಜಲ್ಲಿತ್ತು, ಮಜೂರಿ ಇತ್ತು.
ಸ್ಕ್ರೂ ಬರೆದಿರಲಿಲ್ಲ.

ಈಗ ಅದೇ ಏರು, ಎರಡನೇ ಗೇರು.
ಹಿಂದಿನವನು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದಾನೆ.
ಹೊಡೀಲಿ.
ಕನ್ನಡಿಯಲ್ಲಿ ಅವನ ಮೀಸೆಯೂ ಕಾಣುತ್ತಿದೆ.