ತಿಪ್ಪರಲಾಗ

"ತಿಪ್ಪರಲಾಗ ಹಾಕಿದ್ರೂ ನಿನ್ನ ಕೈಲಿ ಆಗಲ್ಲ"
ಅಂದಿದ್ದರು ಪಿಯುಸಿಯ ಲೆಕ್ಕದ ಮೇಷ್ಟ್ರು,
ಸ್ಕೂಟರ್ ಕಲಿಸಲು ಬಂದ ಚಿಕ್ಕಪ್ಪ,
ನಮ್ಮ ಡೇರಿ ಸೆಕ್ರೆಟರಿ.
ಲಾಗವನ್ನೇ ಹಾಕಲು ಹೊರಟವಳನ್ನು
ಏನೆಂದು ಬೈಯಬೇಕೋ
ಅವರಿಗೂ ಗೊತ್ತಿರಲಿಲ್ಲ.

ಇನಾಯತ್ ಕೊಳವೆಬಾವಿ ಮೋಟರ್ ಎತ್ತುವವನು.
ಸಾವಿರದಿನ್ನೂರು ಅಡಿಗೆ ಹಗ್ಗ ಇಳಿಸಿ
ಸುಟ್ಟ ಮೋಟರ್ ಮೇಲೆಳೆಯುತ್ತಿದ್ದ ವಿಂಚು
ಈಗ ಕೆರೆ ಏರಿಯಲ್ಲಿ, ಹೊಂಗೆ ಬುಡಕ್ಕೆ ಕಟ್ಟಿಸಿಕೊಂಡು
ನನ್ನನ್ನು ಎಳೆಯುತ್ತದೆ
ಅಡ್ಡಡ್ಡಕ್ಕೆ, ನೀರಿನ ಮೇಲೆ.
ಇಷ್ಟು ಮೇಲೆಯೇ ನೀರಿದೆಯೆಂದು
ಹಗ್ಗಕ್ಕಿನ್ನೂ ನಂಬಿಕೆ ಬಂದಿಲ್ಲ.

ಬೋರ್ಡು ಅಬುಧಾಬಿಯದು.
ಮೂರು ವರ್ಷ ಅಲ್ಲಿ ಲಿವರ್ ಹಿಡಿದು ನಿಂತಿದ್ದನಂತೆ,
ಊರೂರಿನ ಜನ ಬೀಳುವುದನ್ನು ನೋಡಿದ್ದನಂತೆ,
ತಾನು ಒಂದು ಸಲವೂ ಹತ್ತಲಿಲ್ಲ.
"ಬೀಳೋದು ಹೆಂಗೆ ಅಂತ ನನ್ನ ಕೇಳು, ರತ್ನಕ್ಕ.
ನಿಲ್ಲೋದು ನಿಂಗೆ ಬಿಟ್ಟಿದ್ದು."

ನಾಲ್ಕು ನೀಲಿ ಡ್ರಮ್ಮು, ಮೇಲೆ ಇಳಿಜಾರು ಪ್ಲೈವುಡ್ಡು,
ಅದರ ಮೇಲೆ ಒಂದು ಬಕೆಟ್ ಸೋಪಿನ ನೀರು.
ನೀರು ಮೆತ್ತಗೆ ಅಂದವರು ಯಾರೋ.
ತಲೆಕೆಳಗಾಗಿ ಬಿದ್ದವರಿಗೆ ಅದು ಕಡಪ ಕಲ್ಲು.
ಕೆನ್ನೆಗೆ, ಬೆನ್ನಿಗೆ, ಒಮ್ಮೆ ನಾಲಿಗೆಗೆ.
ಬಿದ್ದದ್ದಕ್ಕೊಂದು ಗೀಟು, ತೂಬಿನ ಕಲ್ಲಿನ ಮೇಲೆ, ಸುಣ್ಣದಲ್ಲಿ.
ಮಳೆ ಬಂದು ಅರ್ಧ ತೊಳೆಯಿತು;
ಪುಣ್ಯಾತ್ಮ, ನೆನಪಿನಿಂದ ಮತ್ತೆ ಬರೆದ.

"ತಲೆ ಎಸೀಬೇಡ. ತಲೆ ಎಲ್ಲಿಗೂ ಹೋಗಲ್ಲ,
ಕತ್ತಿಗಂಟಿಕೊಂಡೇ ಬರುತ್ತೆ."
ತಲೆ ತಡೆದರೆ ಕೈ ಜಾರಿತು.
ಕೈ ಬಿಗಿದರೆ ಭುಜ ಕಿತ್ತಂತಾಯಿತು.
ಕಣ್ಣು ಮುಚ್ಚಿಕೊಳ್ಳುತ್ತಿದ್ದೇನೆಂದು ತಿಳಿಯಲು
ಎರಡು ತಿಂಗಳು ಹಿಡಿಯಿತು,
ಮುಚ್ಚಿದ್ದು ಕಾಣುವುದು ಯಾವ ಕಣ್ಣಿಗೆ?

ತೆರೆದ ದಿನ
ಅಂತರಗಂಗೆ ಬೆಟ್ಟ ಬಾವಲಿಯ ಹಾಗೆ ಜೋತಿತ್ತು,
ಅದರ ಕೆಳಗೆ ಮೋಡ.
ಎಮ್ಮೆ ತೊಳೆಯುತ್ತಿದ್ದ ಗಂಗುಲಮ್ಮ
ಎಮ್ಮೆ ಸಮೇತ ಆಕಾಶದಲ್ಲಿ ನಿಂತು
ನನ್ನನ್ನೇ ನೋಡುತ್ತಿದ್ದಳು.
ನೋಡುತ್ತಾ ನೋಡುತ್ತಾ
ನನಗೆ ಕಾಲಿರುವುದೇ ಮರೆತುಹೋಯಿತು.
ಗೀಟು.

ಬೆಳಿಗ್ಗೆ ಆರಕ್ಕೆ ಡೇರಿ.
ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವುದು ನನ್ನ ಕೆಲಸ.
ಮುಳುಗುತ್ತದೆ, ಏಳುತ್ತದೆ,
ಎರಡು ಸಲ ತಲೆದೂಗಿ ನೆಟ್ಟಗೆ ನಿಲ್ಲುತ್ತದೆ.
ಹನ್ನೊಂದು ವರ್ಷ ಅದರ ಕತ್ತಿನ ಅಂಕಿ ಓದಿದ್ದೇನೆ,
ಕೆಳಗೆ ನೋಡಿರಲಿಲ್ಲ:
ಭಾರವೆಲ್ಲ ಬುಡದಲ್ಲಿ.
"ಎಷ್ಟಮ್ಮ?" ಅಂದ ವೆಂಕಟರೋಣಪ್ಪ, ಕ್ಯಾನು ಹಿಡಿದು.
"ಇಪ್ಪತ್ತೆಂಟು" ಅಂದೆ
ಕೌಂಟರಿನ ಹಿಂದೆ ಮಂಡಿ ಬಗ್ಗಿಸಿ.

ಅವತ್ತು ಹಗ್ಗ ಬಿಗಿದಾಗ ಅವಸರ ಮಾಡಲಿಲ್ಲ.
ಹಲಗೆಯ ಕೊನೆಯ ಗೇಣಿನವರೆಗೂ ಕಾದೆ,
ಅಲ್ಲಿ ಎದ್ದು ನಿಂತೆ,
ಹಿಡಿ ಸೊಂಟದ ಹತ್ತಿರ,
ಯಾರೋ ಹಿಂದಿನಿಂದ ಕರೆದಂತೆ
ಹೆಗಲ ಮೇಲಿಂದ ತಿರುಗಿ ನೋಡಿದೆ ಅಷ್ಟೆ,
ಉಳಿದ ಮೈ ತಾನೇ ಬಂತು.
ಬೆಟ್ಟ. ಎಮ್ಮೆ. ಮೋಡ. ನೀರು,
ಇರಬೇಕಾದ ಕಡೆಯೇ ನೀರು,
ಮಂಡಿ ಅದರ ಪೆಟ್ಟನ್ನು ಒಂದೇ ಗುಟುಕಿಗೆ ಕುಡಿಯಿತು.

ಸದ್ದಿಲ್ಲ.
ಬರಬೇಕಿದ್ದ ಏಟಿಗೆ ಬಿಗಿದುಕೊಂಡಿದ್ದ ಕೆನ್ನೆ
ಅರ್ಧ ಕೆರೆ ದಾಟಿದರೂ
ಕಾಯುತ್ತಲೇ ಇತ್ತು.

ಇನಾಯತ್ ಕುಣಿಯುತ್ತಿದ್ದ, ಲಿವರ್ ಬಿಡುವುದನ್ನೇ ಮರೆತು.
ಹಗ್ಗ ನನ್ನನ್ನು ಜೊಂಡಿನೊಳಗೆ ನುಗ್ಗಿಸಿ
ಏರಿಯ ಕೆಸರಿಗೆ ತಂದು ಕೂರಿಸಿತು.
"ಇದು ಗೀಟಾ?" ಕೇಳಿದೆ, ಬಾಯಲ್ಲಿ ಪಾಚಿ.
ತುಂಬ ಹೊತ್ತು ಯೋಚಿಸಿದ.
"ನಿಂತಿದ್ದು ಹೌದು. ಆಮೇಲೆ ಬಿದ್ದಿದ್ದೂ ಹೌದು"
ಎಂದು ಅರ್ಧ ಗೀಟೆಳೆದ.

ಗಂಗುಲಮ್ಮ ಎಮ್ಮೆಯ ಮೈಗೆ ಹುಲ್ಲುಜ್ಜುತ್ತಲೇ ಕೂಗಿದಳು:
"ಅಷ್ಟೊಂದು ಲಾಗ ಹಾಕ್ದಲ್ಲೇ ತಾಯಿ,
ಒಂದು ಮೀನಾದ್ರೂ ಸಿಕ್ತಾ?"